ಡಿವಿಜಿ ಅಂಚೆಚೀಟಿ ಮತ್ತು ನಾಲ್ಕು ತಾಲ್ಲೂಕುಗಳ ಪತ್ರಿಕಾ ಓದುಗರು: ಒಂದು ಟಿಪ್ಪಣಿ

ಡಿ.ವಿ. ಗುಂಡಪ್ಪನವರ ಸ್ಮರಣೆಗಾಗಿ ಭಾರತದ ಅಂಚೆ ಇಲಾಖೆ 1988ರಲ್ಲಿ ಒಂದು ಚೀಟಿ ಹೊರತಂದಿತು. ಅವರು ಮುಳಬಾಗಿಲಿನಲ್ಲಿ ಹುಟ್ಟಿದ್ದು 1887ರ ಮಾರ್ಚ್ 17ರಂದು. ಚೀಟಿ ಬಂದದ್ದು ಜನ್ಮಶತಮಾನೋತ್ಸವದ ಮರುವರ್ಷ. ಸಂಗ್ರಾಹಕರ ಆಲ್ಬಮ್ಮುಗಳಲ್ಲಿ ಇದು ಸಾಮಾನ್ಯವಾಗಿ ಸಾಹಿತಿಗಳ ಹಾಳೆಯಲ್ಲಿ, ಕವಿಗಳ ಪಕ್ಕ ಕೂರುತ್ತದೆ. 'ಮಂಕುತಿಮ್ಮನ ಕಗ್ಗ'ದ ಖ್ಯಾತಿ ಅಷ್ಟು ದೊಡ್ಡದು. ಆದರೆ ಡಿವಿಜಿ ಅನ್ನ ಸಂಪಾದಿಸಿದ್ದೂ ತಮ್ಮ ಕಾಲದಲ್ಲಿ ಮೊದಲು ಹೆಸರು ಮಾಡಿದ್ದೂ ರಾಜಕೀಯ ಬರಹಗಾರರಾಗಿ. 'ಸೂರ್ಯೋದಯ ಪ್ರಕಾಶಿಕಾ', 'ಮೈಸೂರು ಟೈಮ್ಸ್' ಪತ್ರಿಕೆಗಳಲ್ಲಿ ಪಳಗಿ, ಆಮೇಲೆ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನು ತಾವೇ ನಡೆಸಿದರು. 1928ರಲ್ಲಿ ಬಾಗಲಕೋಟೆಯ ಪತ್ರಕರ್ತರ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1940ರವರೆಗೆ ಮೈಸೂರಿನ ನ್ಯಾಯವಿಧಾಯಕ ಸಭೆಯಲ್ಲಿದ್ದರು, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಭದ್ರ ರೂಪ ಕೊಟ್ಟರು. ಚೀಟಿಯಲ್ಲಿರುವ ಮುಖ ಈ ಮನುಷ್ಯನದೂ ಹೌದು. ನನ್ನ ಮಟ್ಟಿಗೆ ಮೊದಲು ಇವನದೇ.

ರಾಜಕೀಯ ಬರಹಗಾರನಿಗೆ ಇಂಥ ಗೌರವ ಬೇರೆಡೆಯೂ ಸಿಕ್ಕಿದ್ದುಂಟು. ಸಾರ್ವಜನಿಕ ಅಭಿಪ್ರಾಯ ಹೇಗೆ ರೂಪುಗೊಳ್ಳುತ್ತದೆ ಎಂದು ಜೀವಮಾನವಿಡೀ ಯೋಚಿಸಿದ ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್‌ಗೆ ಅಲ್ಲಿನ ಅಂಚೆಯವರು 1985ರಲ್ಲಿ ಆರು ಸೆಂಟಿನ ಚೀಟಿಯಲ್ಲಿ ಜಾಗ ಕೊಟ್ಟರು. ಲಿಪ್‌ಮನ್ ತೀರಿಕೊಂಡದ್ದು 1974ರಲ್ಲಿ, ಡಿವಿಜಿ 1975ರಲ್ಲಿ. ಇಬ್ಬರೂ ಅಧಿಕಾರಸ್ಥರ ಸ್ನೇಹದಲ್ಲಿದ್ದುಕೊಂಡೇ ಅವರನ್ನು ವಿಮರ್ಶಿಸಿದವರು. ಹೋಲಿಕೆ ಇಷ್ಟಕ್ಕೆ ಸಾಕು. ಡಿವಿಜಿಯವರ ಕಷ್ಟ ಬೇರೆ ಬಗೆಯದಾಗಿತ್ತು.

ಆ ಕಷ್ಟದ ಹೆಸರು 1908ರ ಮೈಸೂರು ವೃತ್ತಪತ್ರಿಕಾ ಕಾನೂನು. ದಿವಾನ್ ವಿ.ಪಿ. ಮಾಧವರಾವ್ ಕಾಲದಲ್ಲಿ ಬಂದ ಈ ಕಾನೂನಿನಂತೆ ಸರ್ಕಾರದ ಅಪ್ಪಣೆಯಿಲ್ಲದೆ ಸಂಸ್ಥಾನದಲ್ಲಿ ಪತ್ರಿಕೆ ಹೊರಡಿಸುವಂತಿರಲಿಲ್ಲ; ಕೊಟ್ಟ ಅಪ್ಪಣೆಯನ್ನು ಸರ್ಕಾರ ಹಿಂತೆಗೆದುಕೊಳ್ಳಲೂ ಬಹುದಿತ್ತು. ತಾತಯ್ಯನೆಂದೇ ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಡಿವಿಜಿ ಆಗಿನ್ನೂ ಇಪ್ಪತ್ತೊಂದು ವರ್ಷದ ತರುಣ.

ಇಲ್ಲಿ ಗಮನಿಸಬೇಕಾದ ಒಂದು ವಿಷಯ ಅಂಚೆಯ ಇತಿಹಾಸಕ್ಕೆ ಸೇರಿದ್ದು. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಲೀನವಾಯಿತು. ಹಾಗಾಗಿ 1908ರಲ್ಲಿ ಪತ್ರಿಕೆಯನ್ನು ಅಚ್ಚು ಮಾಡುವ ಅಪ್ಪಣೆ ಮೈಸೂರಿನ ದಿವಾನರ ಕೈಯಲ್ಲಿತ್ತು, ಅದನ್ನು ಓದುಗನ ಮನೆಗೆ ಮುಟ್ಟಿಸುವ ಯಂತ್ರ ಸಾಮ್ರಾಜ್ಯ ಸರ್ಕಾರದ ಕೈಯಲ್ಲಿತ್ತು. 1898ರ ಅಂಚೆ ಕಾಯಿದೆ ನೋಂದಾಯಿತ ಪತ್ರಿಕೆಗಳಿಗೆ ರಿಯಾಯಿತಿ ದರ ಕೊಟ್ಟಿತ್ತು. ತಾಲ್ಲೂಕು ಕಸಬೆಗಳ ಚಂದಾದಾರನಿಗೆ ಪತ್ರಿಕೆ ಕೈಗೆಟುಕಿದ್ದರೆ ಅದಕ್ಕೆ ಈ ರಿಯಾಯಿತಿ ಬಹುಮುಖ್ಯ ಕಾರಣ. ಕನ್ನಡ ಪತ್ರಿಕಾ ಚರಿತ್ರೆಗಳು ಸಂಪಾದಕರ ಬಗ್ಗೆ, ಮುದ್ರಣಾಲಯಗಳ ಬಗ್ಗೆ ವಿಸ್ತಾರವಾಗಿ ಹೇಳುತ್ತವೆ. ಅಂಚೆ ದರದ ಮಾತು ಅಪರೂಪ. ಇದು ದೊಡ್ಡ ಕೊರತೆ.

ಈಗ ನಮ್ಮ ದಾವಣಗೆರೆ ಸೀಮೆಗೆ ಬರೋಣ. ಹರ್ಡೇಕರ ಮಂಜಪ್ಪನವರು ಅಣ್ಣ ಮಧುಲಿಂಗಪ್ಪನವರೊಂದಿಗೆ 1906ರಲ್ಲಿ ದಾವಣಗೆರೆಯಿಂದ 'ಧನುರ್ಧಾರಿ' ವಾರಪತ್ರಿಕೆ ಹೊರಡಿಸಿದರು. ಬನವಾಸಿಯಲ್ಲಿ 1886ರಲ್ಲಿ ಹುಟ್ಟಿ, ಶಾಲಾ ಮಾಸ್ತರಿಕೆ ಬಿಟ್ಟು ಬಂದ ಈ ಯುವಕ ತಿಲಕರ 'ಕೇಸರಿ'ಯ ವಿಚಾರಗಳನ್ನು ಕನ್ನಡದಲ್ಲಿ ಹರಡಿದರು. 1913ರಲ್ಲಿ ದಾವಣಗೆರೆಯ ವಿರಕ್ತಮಠದಲ್ಲಿ ಮೃತ್ಯುಂಜಯ ಸ್ವಾಮಿಗಳ ಜೊತೆ ಸೇರಿ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆರಂಭಿಸಿದವರೂ ಇವರೇ. ಡಿವಿಜಿ ಬೆಂಗಳೂರಿನ ವಕೀಲರಿಗೂ ಅಧಿಕಾರಿಗಳಿಗೂ ಇಂಗ್ಲಿಷಿನಲ್ಲಿ ರಾಜ್ಯತತ್ತ್ವ ಬರೆಯುವುದಕ್ಕೆ ಕೆಲವು ವರ್ಷ ಮೊದಲೇ, ದಾವಣಗೆರೆಯ ಪೇಟೆಯಿಂದ ಕನ್ನಡದಲ್ಲಿ ರಾಜಕೀಯ ಬರಹ ಹೊರಡುತ್ತಿತ್ತು. ಸಂಗ್ರಾಹಕರಿಗೆ ಒಂದು ಎಚ್ಚರಿಕೆ: 1989ರ ಹರ್ಡೀಕರ್ ಚೀಟಿ ಸೇವಾದಳದ ಸ್ಥಾಪಕ ಡಾ. ಎನ್.ಎಸ್. ಹರ್ಡೀಕರ್ ಅವರದು. ಅದನ್ನು ಮಂಜಪ್ಪನವರದೆಂದು ಎಣಿಸಬಾರದು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಇಂಥ ಪತ್ರಿಕೆಗಳನ್ನು ಯಾರು ತರಿಸುತ್ತಿದ್ದರು? ನ್ಯಾಮತಿ ಆಗ ಮಲೆನಾಡಿಗೂ ಬಯಲುಸೀಮೆಗೂ ನಡುವಿನ ವ್ಯಾಪಾರದ ಊರು, ಉಳಿದ ಮೂರು ತಾಲ್ಲೂಕು ಕಸಬೆಗಳು. ಅಂಗಡಿ ಸಾಹುಕಾರರು, ಶಾನುಭೋಗರು, ಮಾಸ್ತರರು, ಮಠಗಳು — ಓದುಗರನ್ನು ಹುಡುಕಬೇಕಾದದ್ದು ಈ ಮನೆಗಳಲ್ಲಿ. ಪತ್ರಿಕೆಯ ಫೈಲು ಸಿಕ್ಕಿದರೂ ಅದು ಓದುಗನ ಹೆಸರು ಹೇಳುವುದಿಲ್ಲ. ಹೇಳುವುದು ಪತ್ರಿಕೆಗೆ ಸುತ್ತಿದ ಕಾಗದದ ಪಟ್ಟಿ. ಅದರ ಮೇಲೆ ಚಂದಾದಾರನ ವಿಳಾಸ, ಕಡಿಮೆ ಬೆಲೆಯ ಚೀಟಿ, ಹೊರಟ ಊರಿನ ಮುದ್ರೆ, ಕೆಲವೊಮ್ಮೆ ತಲುಪಿದ ಊರಿನ ಮುದ್ರೆ ಇರುತ್ತವೆ. 'ಧನುರ್ಧಾರಿ'ಯ ಮೊದಲ ವರ್ಷಗಳ ಪಟ್ಟಿಗಳಾದರೆ ಚೀಟಿಯಲ್ಲಿ ಏಳನೆಯ ಎಡ್ವರ್ಡ್ ದೊರೆಯ ತಲೆ ಕಾಣಬೇಕು. ರಾಜಕೀಯ ಬರಹಗಾರನನ್ನು ಗೌರವಿಸುವ ಚೀಟಿ ಅವನನ್ನು ನಾಡು ನೆನೆದ ದಿನವನ್ನು ದಾಖಲಿಸುತ್ತದೆ. ಅವನ ಬರಹಕ್ಕೆ ಅಂಟಿಸಿದ ಚೀಟಿ ಅದನ್ನು ಓದಿದ ಊರನ್ನು ದಾಖಲಿಸುತ್ತದೆ. ಚರಿತ್ರೆಕಾರನಿಗೆ ಎರಡನೆಯದು ಹೆಚ್ಚು ಬೆಲೆಯುಳ್ಳದ್ದು.

ವಿಳಾಸಗಳನ್ನು ಓದುವಾಗ ಜಿಲ್ಲೆಯ ಹೆಸರು ದಾರಿ ತಪ್ಪಿಸಬಾರದು. ದಾವಣಗೆರೆ ಜಿಲ್ಲೆ ಹುಟ್ಟಿದ್ದೇ 1997ರ ಆಗಸ್ಟ್ 15ರಂದು, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ. ಅದಕ್ಕೂ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು; ಜಗಳೂರು, ದಾವಣಗೆರೆಯಂತೆಯೇ, ಚಿತ್ರದುರ್ಗಕ್ಕೆ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ತೀರ ಈಚೆಗೆ. ಹಾಗಾಗಿ ಈ ನಾಲ್ಕು ಕಡೆಯ ಸಾಮಗ್ರಿಯನ್ನು ಪತ್ರಾಗಾರಗಳಲ್ಲಿ ಶಿವಮೊಗ್ಗ, ಚಿತ್ರದುರ್ಗಗಳ ಹೆಸರಿನಲ್ಲೇ ಹುಡುಕಬೇಕು. ಜಿಲ್ಲಾವಾರು ಬರೆದ ಇತಿಹಾಸಗಳಲ್ಲಿ ಈ ಭಾಗದ ಓದುಗ ಎರಡೂ ಕಡೆಯಿಂದ ಜಾರಿಹೋಗಿರುವುದಕ್ಕೆ ಇದೂ ಒಂದು ಕಾರಣವೆಂದು ನನಗನ್ನಿಸುತ್ತದೆ.

ಆದ್ದರಿಂದ ಈ ನಾಲ್ಕು ತಾಲ್ಲೂಕುಗಳ ಹಳೆಯ ಮನೆತನದವರಲ್ಲಿ, ಮಠದವರಲ್ಲಿ, ಶಾಲೆಯವರಲ್ಲಿ ಒಂದು ವಿನಂತಿ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಹಳೆಯ ಪತ್ರಿಕೆ, ಸುತ್ತುಪಟ್ಟಿ, ಚಂದಾ ರಸೀತಿ, ಮನಿಯಾರ್ಡರ್ ತುಂಡು ಸಿಕ್ಕಿದರೆ ತೂಕಕ್ಕೆ ಹಾಕಬೇಡಿ. ಚೀಟಿಯನ್ನು ನೀರಿನಲ್ಲಿ ನೆನೆಸಿ ಬಿಡಿಸಬೇಡಿ. ಬಿಡಿಸಿದ ಚೀಟಿಗೆ ಊರಿಲ್ಲ, ತಾರೀಖಿಲ್ಲ. ಇದ್ದ ಹಾಗೆಯೇ ಒಣ ಕಾಗದದ ನಡುವೆ ಇಟ್ಟು, ಎರಡೂ ಮಗ್ಗುಲಿನ ಫೋಟೋ ತೆಗೆದು, ಯಾರ ಮನೆಯಲ್ಲಿ ಸಿಕ್ಕಿತೆಂದು ಬರೆದಿಡಿ. ಹತ್ತಿರದ ಕಾಲೇಜಿನ ಇತಿಹಾಸ ಅಧ್ಯಾಪಕರಿಗೆ ಒಮ್ಮೆ ತೋರಿಸಿ.