ಜಾಲರಿಯ ಮರೆಯ ಪಾಪನಿವೇದನೆ

ಮರದ ಗೂಡು, ನಡುವೆ ಜಾಲರಿ, ಆಚೆ ಕಿವಿಗೊಟ್ಟು ಕುಳಿತ ಪಾದ್ರಿ. ಪಾಪನಿವೇದನೆ ಎಂದರೆ ಸಿನಿಮಾ ನೋಡಿದವರ ಕಣ್ಣಿಗೆ ಕಟ್ಟುವುದು ಇದೇ. ಆದರೆ ಈ ಗೂಡಿಗೆ ಐನೂರು ವರ್ಷವೂ ತುಂಬಿಲ್ಲ. 16ನೇ ಶತಮಾನದ ಉತ್ತರಾರ್ಧದಲ್ಲಿ ಮಿಲಾನಿನ ಆರ್ಚ್‌ಬಿಷಪ್ ಚಾರ್ಲ್ಸ್ ಬೊರೊಮಿಯೊ ಇದನ್ನು ತಮ್ಮ ಚರ್ಚುಗಳಲ್ಲಿ ಜಾರಿಗೆ ತಂದರು. ಮಾತು ಗುಟ್ಟಾಗಿರಬೇಕು, ಆದರೆ ಗುರು ಮತ್ತು ಹೆಣ್ಣುಮಕ್ಕಳ ನಡುವೆ ತಡೆಯಿರಬೇಕು, ಎಲ್ಲವೂ ನಾಲ್ಕು ಜನರ ಕಣ್ಣೆದುರೇ ನಡೆಯಬೇಕು ಎಂಬುದು ಅವರ ಲೆಕ್ಕಾಚಾರ.

ಮೊದಲ ಶತಮಾನಗಳಲ್ಲಿ ಪ್ರಾಯಶ್ಚಿತ್ತ ಬಹಿರಂಗವಾಗಿತ್ತು. ಕೊಲೆ, ವ್ಯಭಿಚಾರ, ಧರ್ಮತ್ಯಾಗದಂಥ ದೊಡ್ಡ ಪಾಪ ಮಾಡಿದವರು ಗೋಣಿತಟ್ಟು ಉಟ್ಟು, ಬೂದಿ ಬಳಿದುಕೊಂಡು ಸಭೆಯ ಮುಂದೆ ನಿಲ್ಲುತ್ತಿದ್ದರು. ಕಿರುಕುಳದ ಕಾಲದಲ್ಲಿ ಬಲವಂತವಿಲ್ಲದೆಯೇ ಧರ್ಮ ಬಿಟ್ಟವರಿಗೆ 325ರ ನೈಸಿಯಾ ಮಹಾಸಭೆ ವಿಧಿಸಿದ ಅವಧಿ ಒಟ್ಟು 12 ವರ್ಷ. ದೊರೆಗೂ ವಿನಾಯಿತಿ ಇರಲಿಲ್ಲ: ಥೆಸಲೊನಿಕದ ಹತ್ಯಾಕಾಂಡಕ್ಕಾಗಿ 390ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಬಿಷಪ್ ಆಂಬ್ರೋಸರ ಮಾತಿಗೆ ತಲೆಬಾಗಿ ಬಹಿರಂಗವಾಗಿ ಪಶ್ಚಾತ್ತಾಪಪಟ್ಟ.

ತೊಡಕೆಂದರೆ, ಈ ಪ್ರಾಯಶ್ಚಿತ್ತದ ಅವಕಾಶ ಬದುಕಿನಲ್ಲಿ ಒಂದೇ ಸಲ. ಮತ್ತೆ ಜಾರಿದರೆ ಗತಿಯೇನು? ಜಾಣರು ಅದನ್ನು ಸಾವಿನ ಹಾಸಿಗೆಯವರೆಗೆ ಮುಂದೂಡತೊಡಗಿದರು.

ಪರಿಹಾರ ರೋಮಿನಿಂದ ಬರಲಿಲ್ಲ, ಐರ್ಲೆಂಡಿನ ಮಠಗಳಿಂದ ಬಂತು. 6ನೇ ಶತಮಾನದ ಹೊತ್ತಿಗೆ ಅಲ್ಲಿನ ಸನ್ಯಾಸಿಗಳು ಒಬ್ಬರ ಬಳಿ ಗುಟ್ಟಾಗಿ, ಬೇಕಾದಷ್ಟು ಸಲ ಪಾಪ ಹೇಳಿಕೊಳ್ಳುವ ರೂಢಿ ಬೆಳೆಸಿದ್ದರು. ಯಾವ ತಪ್ಪಿಗೆ ಎಷ್ಟು ಕಾಲ ರೊಟ್ಟಿ-ನೀರಿನ ಉಪವಾಸ ಎಂದು ಫಿನ್ನಿಯನ್, ಕೊಲಂಬಾನಸ್ ಮುಂತಾದವರ ಹೆಸರಿನ ಕೈಪಿಡಿಗಳು ಪಟ್ಟಿ ಕೊಡುತ್ತವೆ. ಒಂದೇ ತಪ್ಪಿಗೆ ಗೃಹಸ್ಥನಿಗಿಂತ ಪಾದ್ರಿಗೆ ಹೆಚ್ಚು ಶಿಕ್ಷೆ! ಓದಿದರೆ ಅಂಗಡಿಯ ದರಪಟ್ಟಿಯಂತೆ ಕಾಣುತ್ತದೆ, ನಿಜ. ಆದರೆ ಬಿದ್ದವನಿಗೆ ಮತ್ತೆ ಏಳುವ ದಾರಿ ತೆರೆದದ್ದು ಇವೇ. 589ರಲ್ಲಿ ಟೊಲೆಡೊ ಸಭೆ ಪದೇಪದೇ ಕ್ಷಮೆ ಬೇಡುವುದನ್ನು ಖಂಡಿಸಿತಾದರೂ ರೂಢಿ ನಿಲ್ಲಲಿಲ್ಲ.

1215ರಲ್ಲಿ ನಾಲ್ಕನೇ ಲ್ಯಾಟರನ್ ಸಭೆ ಅದನ್ನೇ ಕಟ್ಟಳೆಯಾಗಿಸಿತು: ವಿವೇಕದ ವಯಸ್ಸಿಗೆ ಬಂದವರೆಲ್ಲ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕು. ಕೇಳಿದ ಗುಟ್ಟು ಬಿಟ್ಟುಕೊಟ್ಟ ಗುರುವಿಗೆ ಪದಚ್ಯುತಿ, ಆಮೇಲೆ ಮಠದಲ್ಲಿ ಜೀವನಪೂರ್ತಿ ಪ್ರಾಯಶ್ಚಿತ್ತ.

ಪಾಪಕ್ಷಮಾಪತ್ರಗಳ ವ್ಯಾಪಾರದ ವಿರುದ್ಧ 1517ರಲ್ಲಿ ಸಿಡಿದೆದ್ದ ಜರ್ಮನಿಯ ಧರ್ಮಸುಧಾರಕ ಲೂಥರ್ ಖಾಸಗಿ ನಿವೇದನೆಯನ್ನು ಬಿಡಲಿಲ್ಲ, ಕಡ್ಡಾಯವನ್ನಷ್ಟೇ ಬಿಟ್ಟರು. ಇಂಗ್ಲೆಂಡಿನ 1552ರ ಪ್ರಾರ್ಥನಾ ಪುಸ್ತಕ ಮುಂಜಾನೆಯ ಆರಾಧನೆಯ ಆರಂಭದಲ್ಲೇ ಇಡೀ ಸಭೆ ಒಟ್ಟಾಗಿ ಹೇಳುವ ಅರಿಕೆಯನ್ನು ಸೇರಿಸಿತು. ಅಲ್ಲಿ ಯಾರೂ ತನ್ನ ತಪ್ಪಿನ ಹೆಸರು ಹೇಳಬೇಕಿಲ್ಲ. ಕರ್ನಾಟಕದಲ್ಲೂ ಈ ಎರಡು ದಾರಿಗಳಿವೆ: ಕರಾವಳಿಯ ಕ್ಯಾಥೊಲಿಕರದು ಗುರುವಿನ ಮುಂದೆ ಮಂಡಿಯೂರುವ ಪದ್ಧತಿ, 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯ ಭಾನುವಾರದ ಆರಾಧನೆಯಲ್ಲಿ ಒಕ್ಕೊರಲಿನ ಅರಿಕೆ.

ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1973ರಲ್ಲಿ ಬಂದ ಹೊಸ ವಿಧಿ ಎದುರುಬದುರು ಕುಳಿತು ಮಾತಾಡಲೂ ಅನುವು ಮಾಡಿಕೊಟ್ಟಿತು. ಆದರೂ ಪಶ್ಚಿಮದ ಅನೇಕ ಚರ್ಚುಗಳಲ್ಲಿ ಸಾಲು ಕರಗಿದೆ. ಈಗಿನ ಜಗಳ ಗುಟ್ಟಿನದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯ ಕಿವಿಗೆ ಬಿದ್ದರೆ ಗುರುವೂ ವರದಿ ಮಾಡಬೇಕೆಂದು ಆಸ್ಟ್ರೇಲಿಯಾದ ವಿಚಾರಣಾ ಆಯೋಗ 2017ರಲ್ಲಿ ಶಿಫಾರಸು ಮಾಡಿತು. ವಿಕ್ಟೋರಿಯಾ, ಕ್ವೀನ್ಸ್‌ಲ್ಯಾಂಡ್ ಅದನ್ನು ಕಾನೂನಾಗಿಸಿದವು. ಪಾಪನಿವೇದನೆಯ ಗುಟ್ಟನ್ನೇ ದುರ್ಬಳಕೆ ಮಾಡಿಕೊಂಡ ಆರೋಪದ ಕೇರಳದ ಪ್ರಕರಣವೊಂದರ ಬೆನ್ನಲ್ಲೇ 2018ರಲ್ಲಿ ನಮ್ಮ ರಾಷ್ಟ್ರೀಯ ಮಹಿಳಾ ಆಯೋಗ ಪಾಪನಿವೇದನೆಯನ್ನೇ ರದ್ದುಮಾಡಬೇಕೆಂದು ಸೂಚಿಸಿತು. ಬಿಷಪ್ಪರು ಪ್ರತಿಭಟಿಸಿದರು, ಅದು ಸರ್ಕಾರದ ನಿಲುವಲ್ಲ ಎಂದು ಕೇಂದ್ರ ಸಚಿವರೊಬ್ಬರು ಸ್ಪಷ್ಟಪಡಿಸಬೇಕಾಯಿತು.