ಶಿಶುಬಲಿ, ನರಬಲಿ: ಇತಿಹಾಸ ಏನು ಹೇಳುತ್ತದೆ?

ಕುಂಜತ್ತೂರು, ಮಂಜೇಶ್ವರ ಕಡೆಯವರಿಗೆ ಕುರ್ದಿ ನೀರು ಹೊಸತಲ್ಲ. ಅರಸಿನಕ್ಕೆ ಸುಣ್ಣ ಬೆರೆಸಿದಾಗ ನೀರು ರಕ್ತದ ಬಣ್ಣಕ್ಕೆ ತಿರುಗುತ್ತದೆ. ಮಲಯಾಳದಲ್ಲಿ ಇದು ಗುರುತಿ. ಗೃಹಪ್ರವೇಶಕ್ಕೆ ಕುಂಕುಮ ತುಂಬಿ ಒಡೆಯುವ ಬೂದುಕುಂಬಳಕಾಯಿಯೂ ಇಂಥದ್ದೇ. ಎರಡೂ ರಕ್ತಬಲಿಗೆ ಬದಲಾಗಿ ಬಂದ ವಸ್ತುಗಳು.

ಹೊರನಾಡುಗಳಲ್ಲಿ

ಪೆರುವಿನ ಉತ್ತರ ಕರಾವಳಿಯಲ್ಲಿ ಕ್ರಿ.ಶ. 1450ರ ಸುಮಾರಿಗೆ ಚಿಮೂ ಜನರು 140ಕ್ಕೂ ಹೆಚ್ಚು ಮಕ್ಕಳನ್ನು ಬಲಿಕೊಟ್ಟಿದ್ದರು. ಜೊತೆಗೆ 200ಕ್ಕೂ ಹೆಚ್ಚು ಲಾಮಾ ಮರಿಗಳ ಮೂಳೆಗಳೂ ಸಿಕ್ಕಿವೆ. ಹೂಳಿದ ಜಾಗದಲ್ಲಿ ದಪ್ಪ ಕೆಸರಿನ ಪದರವಿದೆ. ಅತಿವೃಷ್ಟಿ ನಿಲ್ಲಲೆಂದು ಈ ಬಲಿ ನಡೆದಿರಬೇಕೆಂದು ಸಂಶೋಧಕರು ಊಹಿಸುತ್ತಾರೆ. ಇಂದಿನ ಟುನೀಷಿಯಾದ ಕಾರ್ಥೇಜಿನಲ್ಲಿ ಸುಟ್ಟ ಶಿಶುಗಳ ಮೂಳೆ ತುಂಬಿದ ಸಾವಿರಾರು ಮಡಕೆಗಳು ದೊರೆತಿವೆ. ಅವು ಬಲಿಯಾದ ಶಿಶುಗಳೋ, ಕಾಯಿಲೆಯಿಂದ ಸತ್ತವೋ ಎಂಬ ಚರ್ಚೆ ಮುಗಿದಿಲ್ಲ.

ನಮ್ಮಲ್ಲಿ

ಐತರೇಯ ಬ್ರಾಹ್ಮಣದ ಕಥೆಯಲ್ಲಿ ಹರಿಶ್ಚಂದ್ರ ವರುಣನಿಗೆ ಮಗನನ್ನೇ ಹರಕೆ ಹೊರುತ್ತಾನೆ. ಕೊನೆಗೆ ಮಗನ ಬದಲಿಗೆ ಬಡವನ ಮಗ ಶುನಃಶೇಪನನ್ನು 100 ಹಸುಗಳಿಗೆ ಕೊಳ್ಳಲಾಗುತ್ತದೆ. ಹುಡುಗ ದೇವತೆಗಳನ್ನು ಸ್ತುತಿಸಿ ಬಿಡುಗಡೆ ಪಡೆಯುತ್ತಾನೆ. ಕರ್ನಾಟಕದ ಶಾಸನಗಳಲ್ಲಿ, ಸ್ಮಾರಕ ಶಿಲೆಗಳಲ್ಲಿ 'ಸಿಡಿತಲೆ' ಕೊಟ್ಟವರ ಉಲ್ಲೇಖವಿದೆ. ಬಾಗಿಸಿದ ಗಳಕ್ಕೆ ಜುಟ್ಟು ಕಟ್ಟಿ ತಲೆ ಕಡಿಸಿಕೊಳ್ಳುವ ಕ್ರಮವದು. ಜನಪದದ 'ಕೆರೆಗೆ ಹಾರ'ದಲ್ಲಿ ನೀರು ಬಾರದ ಕೆರೆಗೆ ಕಿರಿಸೊಸೆ ಭಾಗೀರಥಿ ಆಹುತಿಯಾಗುತ್ತಾಳೆ. ಅದು ಇತಿಹಾಸವಲ್ಲ, ಹಾಡು. ಆದರೂ ಮನೆಯಲ್ಲಿ ಮಾತಿಗೆ ಬೆಲೆಯಿಲ್ಲದವರನ್ನೇ ಬಲಿಗೆ ಆರಿಸುತ್ತಿದ್ದರೆಂಬುದನ್ನು ಅದು ಮರೆಮಾಚುವುದಿಲ್ಲ.

ಜನ್ನನ ಉತ್ತರ

ಹೊಯ್ಸಳರ ಕಾಲದ ಕವಿ ಜನ್ನ 1209ರಲ್ಲಿ 'ಯಶೋಧರ ಚರಿತೆ' ಬರೆದ. ಅದರಲ್ಲಿ ಮಾರಿದತ್ತ ರಾಜ ಚಂಡಮಾರಿಗೆ ಬಲಿಕೊಡಲು ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರನ್ನು ಹಿಡಿದು ತರಿಸುತ್ತಾನೆ. ಅವರು ಹೆದರದೆ ತಮ್ಮ ಹಿಂದಿನ ಜನ್ಮದ ಕಥೆ ಹೇಳುತ್ತಾರೆ. ಅಂದು ಅವರು ಕೊಟ್ಟದ್ದು ಹಿಟ್ಟಿನ ಕೋಳಿ. ಆದರೂ ಕೊಲ್ಲುವ ಸಂಕಲ್ಪ ಮಾಡಿದ್ದಕ್ಕೆ ಹಲವು ಪ್ರಾಣಿಜನ್ಮಗಳಲ್ಲಿ ನೋಯಬೇಕಾಯಿತು. ಇದನ್ನು ಕೇಳಿ ರಾಜ ಹಿಂಸೆ ಬಿಡುತ್ತಾನೆ. ಬದಲಿ ವಸ್ತು ಸಾಲದು, ಮನಸ್ಸೂ ಬದಲಾಗಬೇಕೆಂಬುದು ಕಾವ್ಯದ ತಿರುಳು.

ಇಂದಿನ ಕಾನೂನು

ಈ ಮಾತು ಹಳತಾಗಿಲ್ಲ. 2022ರಲ್ಲಿ ಪತ್ತನಂತಿಟ್ಟ ಜಿಲ್ಲೆಯ ಇಲಂತೂರಿನಲ್ಲಿ ಇಬ್ಬರು ಮಹಿಳೆಯರನ್ನು ಸಂಪತ್ತಿನ ಆಸೆಗೆ ಬಲಿಕೊಟ್ಟ ಆರೋಪದ ಪ್ರಕರಣ ಬಯಲಾಯಿತು. ಕೊಂದವರೆಂದು ಬಂಧಿತರಾದವರಲ್ಲಿ ದಂಪತಿಯೂ ಇದ್ದರು. ಕೇರಳ 1968ರಲ್ಲೇ ದೇವಸ್ಥಾನಗಳಲ್ಲಿ ಪ್ರಾಣಿ, ಪಕ್ಷಿ ಬಲಿ ನಿಷೇಧಿಸಿತ್ತು. ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಗೆ 2017ರ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಆದರೆ ನರಬಲಿಯ ಮಟ್ಟಿಗೆ ತಲಪಾಡಿಯ ಆಚೆಗೂ ಈಚೆಗೂ ಕಾನೂನು ಒಂದೇ: ಅದು ಕೊಲೆ. ಭಾರತೀಯ ನ್ಯಾಯ ಸಂಹಿತೆಯ 103ನೇ ಸೆಕ್ಷನ್ ಪ್ರಕಾರ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇದೆ.

ನಿಧಿ, ಹರಕೆ, ಮಾಟದ ಹೆಸರಿನಲ್ಲಿ ಯಾವುದೇ ಮಗುವಿಗೆ ಅಪಾಯವಿದೆ ಎಂಬ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098 ಅಥವಾ 112ಕ್ಕೆ ಕೂಡಲೇ ಕರೆ ಮಾಡಬಹುದು.