ಎದೆಯ ಸದ್ದಿಗೆ ಅರ್ಥ ಸಿಕ್ಕ ಬಗೆ

ಹೃದಯ ಮಿಡಿದಾಗಲೆಲ್ಲ ಎದೆಯೊಳಗೆ ಸದ್ದೊಂದು ಕೇಳುತ್ತದೆ ಎಂದು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ, ರಕ್ತಪರಿಚಲನೆಯ ಕುರಿತ ತನ್ನ ಪ್ರಸಿದ್ಧ ಗ್ರಂಥದಲ್ಲಿ ಬರೆದ. ವೆನಿಸ್ಸಿನ ವೈದ್ಯ ಎಮಿಲಿಯೊ ಪರಿಸಾನೊ ಅದನ್ನೋದಿ ಹಂಗಿಸಿದ: ಲಂಡನ್ನಿನವರಿಗೆ ಕೇಳುವ ಈ ಸದ್ದು ವೆನಿಸ್ಸಿನಲ್ಲಿ ಯಾರ ಕಿವಿಗೂ ಬಿದ್ದಿಲ್ಲವಲ್ಲ! ಎದೆಗೆ ಕಿವಿಯಿಟ್ಟ ಯಾರಿಗಾದರೂ ಕೇಳಬಹುದಾದ ಸದ್ದು ಅದು.

ಈ ಚರಿತ್ರೆಯನ್ನು ಸ್ಟೆತಸ್ಕೋಪಿನ ಕಥೆಯಾಗಿ ಹೇಳುವುದೇ ವಾಡಿಕೆ. ಆದರೆ ಕೊಳವೆ ಸಿಕ್ಕಿದ್ದು ಬೇಗ; ಅದರಲ್ಲಿ ಕೇಳಿದ್ದರ ಅರ್ಥ ತಿಳಿಯಲು ನೂರೈವತ್ತು ವರ್ಷ ಹಿಡಿಯಿತು. ಒಂದೊಂದು ಸದ್ದಿನ ವಿಷಯದಲ್ಲೂ ಕಿವಿ ಹೇಳಿದ್ದನ್ನು ಬೇರೊಂದು ಸಾಕ್ಷಿಯೊಡನೆ ಒರೆಗೆ ಹಚ್ಚಿದ ಮೇಲೆಯೇ ಗಟ್ಟಿ ತಿಳಿವಳಿಕೆ ಬಂತು.

1816ರಲ್ಲಿ ಪ್ಯಾರಿಸ್ಸಿನ ರೆನೆ ಲೆನೆಕ್‌ನ ಬಳಿ ಹೃದ್ರೋಗದ ಲಕ್ಷಣಗಳಿದ್ದ ಯುವತಿಯೊಬ್ಬಳು ಬಂದಳು. ಮೈತುಂಬಿಕೊಂಡಿದ್ದರಿಂದ ಅವಳ ಎದೆಯನ್ನು ಬೆರಳಿನಿಂದ ತಟ್ಟಿ ನೋಡಿದರೂ ಏನೂ ತಿಳಿಯುವಂತಿರಲಿಲ್ಲ; ನೇರವಾಗಿ ಕಿವಿಯಿಡಲು ಅವಳ ಪ್ರಾಯ ಅಡ್ಡಿಯಾಯಿತು. ಲೆನೆಕ್ ಕಾಗದವನ್ನು ಬಿಗಿಯಾಗಿ ಸುತ್ತಿ ಒಂದು ತುದಿಯನ್ನು ಎದೆಗಿಟ್ಟು ಇನ್ನೊಂದಕ್ಕೆ ಕಿವಿಗೊಟ್ಟ. ಲೂವ್ರ್ ಅರಮನೆಯ ಅಂಗಳದಲ್ಲಿ ಮಕ್ಕಳು ಮರದ ದಿಮ್ಮಿ ಗೀಚಿ ಆಡುತ್ತಿದ್ದುದನ್ನು ಕಂಡು ಇದು ಹೊಳೆಯಿತೆಂಬ ಕಥೆ ಎಲ್ಲೆಡೆ ಚಾಲ್ತಿಯಲ್ಲಿದೆ. 1819ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ ಆ ಮಕ್ಕಳಿಲ್ಲ. ದಿಮ್ಮಿಯ ಒಂದು ತುದಿಯನ್ನು ಸೂಜಿಯಿಂದ ಕೆರೆದರೆ ಇನ್ನೊಂದು ತುದಿಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ ಎಂಬ, ಎಲ್ಲರಿಗೂ ಗೊತ್ತಿದ್ದ ಸಂಗತಿಯೊಂದೇ ಅಲ್ಲಿರುವುದು.

ಲೆನೆಕ್‌ನ ಕಿವಿ ಬಲು ಸೂಕ್ಷ್ಮ. ತಿದಿಯೊತ್ತಿದಂಥ ಸದ್ದನ್ನೂ, ಬೆಕ್ಕು ಗುರುಗುಟ್ಟುವಾಗ ಅಂಗೈಗೆ ತಾಗುವಂಥ ಕಂಪನವನ್ನೂ ಅವನು ಗುರುತಿಸಿ ಬರೆದಿಟ್ಟ. ಆದರೆ ಸದ್ದುಗಳ ಮೂಲವನ್ನು ಹೇಳುವಲ್ಲಿ ಎಡವಿದ. ‘ಲಬ್-ಡಬ್’ನ ಎರಡನೆಯ ಸದ್ದು ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳು ಸಂಕುಚಿಸುವುದರಿಂದ ಹುಟ್ಟುತ್ತದೆಂದು ಅವನು ನಂಬಿದ್ದ. 1826ರಲ್ಲಿ, 45ನೇ ವಯಸ್ಸಿಗೆ, ಕ್ಷಯದಿಂದ ತೀರಿಕೊಂಡಾಗಲೂ ಆ ತಪ್ಪು ಹಾಗೆಯೇ ಉಳಿದಿತ್ತು.

ಸದ್ದಿನ ಮೂಲ ಕವಾಟಗಳಲ್ಲಿದೆ ಎಂದು ಪ್ಯಾರಿಸ್ಸಿನ ಜೋಸೆಫ್ ರುವಾನೆ 1832ರ ತನ್ನ ಪ್ರಬಂಧದಲ್ಲಿ ವಾದಿಸಿದ. ಪುರಾವೆ ಬಂದದ್ದು ಲಂಡನ್ನಿನಿಂದ. ಜೇಮ್ಸ್ ಹೋಪ್, ಚಾರ್ಲ್ಸ್ ವಿಲಿಯಮ್ಸ್ ಮತ್ತು ಜೊತೆಗಾರರು ಕತ್ತೆಗಳ ಎದೆ ತೆರೆದು, ಮಿಡಿಯುತ್ತಿದ್ದ ಹೃದಯದ ಮೇಲೆಯೇ ಸ್ಟೆತಸ್ಕೋಪ್ ಇಟ್ಟರು. ಮಹಾಧಮನಿಯ ಬಾಯಲ್ಲಿರುವ ಕವಾಟ ಮುಚ್ಚದಂತೆ ಕೊಕ್ಕೆಯಿಂದ ಹಿಡಿದಾಗ ಎರಡನೆಯ ಸದ್ದು ಅಡಗಿ ಆ ಜಾಗದಲ್ಲಿ ಬುಸ್ಸೆಂಬ ಸದ್ದು ಕೇಳಿತು. ಕೊಕ್ಕೆ ಬಿಟ್ಟಾಗ ಎರಡನೆಯ ಸದ್ದು ಮರಳಿತು. ಇಂದು ಓದಿದರೆ ಮನಸ್ಸು ಹಿಂಡುವ ಪ್ರಯೋಗವಿದು. ಆದರೆ ಸಹಜ ಸದ್ದು, ಅಸಹಜ ಸದ್ದು ಎರಡರ ಮೂಲವನ್ನೂ ಅದು ಒಟ್ಟಿಗೆ ಬಯಲು ಮಾಡಿತು. ಹೃತ್ಕರ್ಣ ಮತ್ತು ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳ ನಡುವಿನ ಕವಾಟಗಳು ಮುಚ್ಚುವಾಗ ‘ಲಬ್’, ಧಮನಿಗಳ ಬಾಯಿಯ ಕವಾಟಗಳು ಮುಚ್ಚುವಾಗ ‘ಡಬ್’. ಕವಾಟ ಕಿರಿದಾದರೆ ಅಥವಾ ಸೋರಿದರೆ ರಕ್ತದ ಹರಿವು ಕದಡಿ ಮರ್ಮರವೆಂಬ ಈ ಬುಸ್ಸೆನ್ನುವ ಸದ್ದು ಹುಟ್ಟುತ್ತದೆ.

ಹಾಗಾದರೆ ಯಾವ ಮರ್ಮರ ಯಾವ ಕವಾಟದ್ದು? ಹತ್ತೊಂಬತ್ತನೇ ಶತಮಾನದ ವೈದ್ಯರಿಗೆ ಇದಕ್ಕೆ ಉತ್ತರ ಸಿಗುತ್ತಿದ್ದುದು ಶವಪರೀಕ್ಷೆಯ ಮೇಜಿನ ಮೇಲೆ. ಡಬ್ಲಿನ್ನಿನ ಡೊಮಿನಿಕ್ ಕಾರಿಗನ್ 1832ರಲ್ಲಿ ಮಹಾಧಮನಿಯ ಕವಾಟ ಸೋರುವ ರೋಗದ ಸಮಗ್ರ ಚಿತ್ರ ಕೊಟ್ಟ. 1862ರಲ್ಲಿ ಅಮೆರಿಕದ ಆಸ್ಟಿನ್ ಫ್ಲಿಂಟ್ ಒಗಟೊಂದನ್ನು ಮುಂದಿಟ್ಟ. ಎಡಗಡೆಯ ಹೃತ್ಕರ್ಣ ಮತ್ತು ಹೃತ್ಕುಕ್ಷಿಗಳ ನಡುವಿನ ಮೈಟ್ರಲ್ ಕವಾಟ ಕಿರಿದಾದಾಗ ಕೇಳುವಂಥದೇ ಮರ್ಮರ ಅವನ ಇಬ್ಬರು ರೋಗಿಗಳಲ್ಲಿ ಕೇಳಿತ್ತು. ಸತ್ತ ಮೇಲೆ ನೋಡಿದರೆ ಆ ಕವಾಟಕ್ಕೆ ಏನೂ ಆಗಿರಲಿಲ್ಲ, ಸೋರುತ್ತಿದ್ದುದು ಮಹಾಧಮನಿಯ ಕವಾಟ. ಫ್ಲಿಂಟ್ ಹೆಸರಿನ ಆ ಮರ್ಮರ ಹುಟ್ಟುವ ಬಗೆಯ ಕುರಿತು ಧ್ವನಿತರಂಗಗಳಿಂದ ಹೃದಯದ ಚಿತ್ರ ತೋರಿಸುವ ಎಕೋ ಯಂತ್ರ ಬಂದ ಮೇಲೂ ಚರ್ಚೆ ನಡೆದಿದೆ.

ಮೈಟ್ರಲ್ ಕವಾಟ ನಿಜಕ್ಕೂ ಕಿರಿದಾದಾಗ ಕೇಳುವುದನ್ನು ಫ್ರಾನ್ಸಿನ ಪಾಲ್ ದ್ಯುರೋಜಿಯೆ ‘ಫೂಟ್-ತ-ತ-ರೂ’ ಎಂದು ಬಾಯಲ್ಲೇ ನುಡಿಸಿ ತೋರಿಸಿದ. ಮೃದಂಗದ ಸೊಲ್ಲುಕಟ್ಟನ್ನು ಬಲ್ಲ ನಮ್ಮವರಿಗೆ ಈ ಜಾಣ್ಮೆ ತಟ್ಟನೆ ಹಿಡಿಸೀತು. ‘ಫೂಟ್’ ಎಂಬುದು ಸಂಕೋಚನಕ್ಕೆ ಮುಂಚಿನ ಮರ್ಮರ ಮತ್ತು ಅದು ಹೋಗಿ ಬಡಿಯುವ ಜೋರಾದ ಮೊದಲ ಸದ್ದು. ಎರಡು ‘ತ’ಗಳಲ್ಲಿ ಮೊದಲಿನದು ಸಹಜವಾದ ಎರಡನೆಯ ಸದ್ದು, ಮುಂದಿನದು ಬಿರುಸಾದ ಕವಾಟ ಫಟ್ಟನೆ ತೆರೆಯುವುದು. ‘ರೂ’ ಎಂದರೆ ಕಿರಿದಾದ ಬಾಯಿಯಲ್ಲಿ ರಕ್ತ ನುಗ್ಗುವ ತಗ್ಗುದನಿಯ ಗುಡುಗು. ಒಂದು ಮಿಡಿತದೊಳಗೆ ಇಷ್ಟೆಲ್ಲ ನಡೆಯುತ್ತದೆ, ಪಳಗಿದ ಕಿವಿ ಇಷ್ಟನ್ನೂ ಬಿಡಿಸಿ ಕೇಳುತ್ತದೆ.

ಮರ್ಮರ ಕೇಳಿದರೆ ರೋಗವಿದೆ ಎಂದೇ ಅರ್ಥವೆ? ಈ ಪ್ರಶ್ನೆಯಿಂದ ಜನ ಪಟ್ಟ ಪಾಡು ಸಣ್ಣದಲ್ಲ. ಮರ್ಮರವೊಂದನ್ನೇ ನೆಪ ಮಾಡಿ ಗಟ್ಟಿಮುಟ್ಟಾದ ಮಕ್ಕಳನ್ನು ಹಾಸಿಗೆಗೆ ಕಟ್ಟಿಹಾಕಿದ, ಆಟದಿಂದ ದೂರವಿಟ್ಟ ಕಾಲವಿತ್ತು. ಇಂಗ್ಲೆಂಡಿನ ಬರ್ನ್‌ಲಿ ಪಟ್ಟಣದಲ್ಲಿ ವೃತ್ತಿ ನಡೆಸುತ್ತಿದ್ದ ಜೇಮ್ಸ್ ಮೆಕೆಂಜಿ ತನ್ನ ರೋಗಿಗಳ ಮೇಲೆ ವರ್ಷಗಟ್ಟಲೆ ಕಣ್ಣಿಟ್ಟು, ಇಂಥ ಅನೇಕ ಮರ್ಮರಗಳಿಂದ ಯಾವ ಅಪಾಯವೂ ಇಲ್ಲವೆಂದು ಸಾರಿದ. ಆರೋಗ್ಯವಂತ ಮಕ್ಕಳಲ್ಲಿ ಕೇಳುವ, ತಂತಿ ಮೀಟಿದಂಥ ಮರ್ಮರವನ್ನು ಜಾರ್ಜ್ ಸ್ಟಿಲ್ 1909ರಲ್ಲಿ ವರ್ಣಿಸಿದ. ಮರ್ಮರದ ಜೋರನ್ನು ಒಂದರಿಂದ ಆರರವರೆಗೆ ಅಳೆಯುವ ಕ್ರಮ 1933ರಲ್ಲಿ ಬಾಸ್ಟನ್ನಿನ ಸ್ಯಾಮುಯೆಲ್ ಲೆವಿನ್ ಮತ್ತು ಫ್ರೀಮನ್‌ರಿಂದ ಬಂತು. ವೈದ್ಯರು ಅದನ್ನು ಇಂದಿಗೂ ಬಳಸುತ್ತಾರೆ.

ಇದಕ್ಕೆ ತಿರುಗುಮುರುಗಾದ ತಪ್ಪೂ ನಡೆದಿದೆ: ರೋಗದ ಸದ್ದನ್ನು ನಿರಪಾಯವೆಂದುಕೊಂಡದ್ದು. ಸಂಕೋಚನದ ನಡುವೆ ಟಕ್ಕೆನ್ನುವ ಸದ್ದು ಹೃದಯದ್ದೇ ಅಲ್ಲ, ಹೊರಪೊರೆಗಳು ಅಂಟಿಕೊಂಡಿದ್ದರಿಂದ ಬರುವಂಥದು ಎಂದು ಫ್ರಾನ್ಸಿನ ಗಲವರ್ದಿನ್ 1913ರಲ್ಲಿ ಹೇಳಿದ್ದ. ಐವತ್ತು ವರ್ಷ ಅದೇ ನಡೆಯಿತು. 1963ರಲ್ಲಿ ಜೋಹಾನ್ಸ್‌ಬರ್ಗ್‌ನ ಜಾನ್ ಬಾರ್ಲೋ ಹೃದಯದೊಳಗೆ ಎಕ್ಸ್-ರೇಯಲ್ಲಿ ಕಾಣುವ ದ್ರವ ಬಿಟ್ಟು ಚಿತ್ರ ತೆಗೆಸಿದಾಗ, ಈ ಸದ್ದಿನ ಹಿಂದೆ ಬರುವ ಮರ್ಮರ ಮೈಟ್ರಲ್ ಕವಾಟದ ಸೋರಿಕೆಯೇ ಎಂಬುದು ಕಣ್ಣಿಗೇ ಕಂಡಿತು.

ಇನ್ನು ಕಿವಿಯ ಮಿತಿಯನ್ನೂ ಹೇಳಲೇಬೇಕು. 2007ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಕಾಂಬೋಡಿಯಾದ 3,677 ಶಾಲಾಮಕ್ಕಳನ್ನು ಪರೀಕ್ಷಿಸಲಾಯಿತು. ಸ್ಟೆತಸ್ಕೋಪಿನಿಂದ ಪತ್ತೆಯಾಗಿ ಖಚಿತಪಟ್ಟ ರುಮ್ಯಾಟಿಕ್ ಹೃದ್ರೋಗದ ಪ್ರಕರಣಗಳು 8. ಎಕೋ ಪರೀಕ್ಷೆಯಲ್ಲಿ ಸಿಕ್ಕವು 79. ಹಾಗೆಂದು ಸ್ಟೆತಸ್ಕೋಪನ್ನು ಮೂಲೆಗಿಡುವುದು ತಪ್ಪು. ಎಕೋ ಯಂತ್ರವಿಲ್ಲದ ಊರಿನಲ್ಲಿ, ಯಾರನ್ನು ದೊಡ್ಡ ಆಸ್ಪತ್ರೆಗೆ ಕಳಿಸಬೇಕೆಂದು ಮೊದಲು ಹೇಳುವುದು ಅದೇ.

ನಮ್ಮಲ್ಲಿ ರುಮ್ಯಾಟಿಕ್ ಹೃದ್ರೋಗ ಇನ್ನೂ ಹೋಗಿಲ್ಲ. ಕಿರಿದಾದ ಮೈಟ್ರಲ್ ಕವಾಟವನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದುಕೊಂಡು ಬಂದಿದೆ. ಈ ರೋಗದ ಮೂಲ ಬಾಲ್ಯದಲ್ಲಿ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಬರುವ ಗಂಟಲುನೋವು. ಅದರ ಬೆನ್ನಿಗೆ ಕೆಲವರಲ್ಲಿ ಕೀಲುನೋವು, ಜ್ವರ ಬಂದು ಹೃದಯದ ಕವಾಟ ಕೆಡುತ್ತದೆ. ಆದ್ದರಿಂದ ಮಗುವಿಗೆ ಮರ್ಮರವಿದೆ ಎಂದು ವೈದ್ಯರು ಹೇಳಿದರೆ ಹೆದರಿ ಕೂರಬೇಡಿ, ಕಡೆಗಣಿಸಲೂ ಬೇಡಿ. ಒಮ್ಮೆ ಎಕೋ ಮಾಡಿಸಿ. ರುಮ್ಯಾಟಿಕ್ ಹೃದ್ರೋಗವೆಂದು ಖಚಿತವಾದರೆ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಚುಚ್ಚುಮದ್ದನ್ನು, ವೈದ್ಯರು ಸಾಕೆನ್ನುವವರೆಗೂ ತಪ್ಪಿಸಬೇಡಿ.